ಅಜ್ಜಿಯ ಮದುವೆಯ ದಾಖಲೆ ಎಲ್ಲಿ ಸಿಗುತ್ತದೆ? ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮನೆತನದ ವಂಶವೃಕ್ಷ ಬರೆಯುವವರು ನಮ್ಮ ಗುಂಪಿನಲ್ಲಿ ಈಗ ಜಾಸ್ತಿ ಆಗಿದ್ದಾರೆ. ಎಲ್ಲರೂ ಬಂದು ನಿಲ್ಲುವುದು ಹಳೆಯ ಮದುವೆಗಳ ಹತ್ತಿರ. ಹಾಗಾಗಿ ಉಡುಪಿಯಲ್ಲಿ ಸಿವಿಲ್ ಕಡೆ ವಕೀಲೆಯಾಗಿರುವ ನಮ್ಮ ಸದಸ್ಯೆಯನ್ನು ಕೇಳಿಕೊಂಡೆವು. ಆಸ್ತಿಯ ಹಳೆಯ ಪತ್ರ ಓದಿ ಅಭಿಪ್ರಾಯ ಕೊಡುವುದು ಅವರ ದಿನದ ಕೆಲಸ. ಪ್ರಶ್ನೆ ಹಾಕುವಾಗ ಊರು, ಸುಮಾರು ಇಸವಿ, ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಯೋ ಮಕ್ಕಳಕಟ್ಟಿನ (ಅಪ್ಪನ ಕಡೆಯಿಂದ ಎಣಿಸುವ) ಮನೆಯೋ ಅಂತ ಬರೆಯಿರಿ. ಬದುಕಿರುವವರ ಹೆಸರು ಹಾಕಬೇಡಿ.

ಪ್ರಶ್ನೆ, ಕಾರ್ಕಳದಿಂದ: ಮೇಡಂ, ನಮ್ಮದು ಬಂಟರ ಮನೆ, ಅಳಿಯಕಟ್ಟು. ಅಮ್ಮನ ಅಜ್ಜಿಯ ಮದುವೆ 1915ರ ಆಸುಪಾಸಿನಲ್ಲಿ ಆಗಿರಬೇಕು. ಆಫೀಸುಗಳಲ್ಲಿ ಮದುವೆ ರಿಜಿಸ್ಟರ್ ಕೇಳಿದೆ, ಇಲ್ಲ ಅಂತಾರೆ. ಕಳೆದುಹೋಗಿದೆಯಾ? ಇನ್ನೊಂದು ಗೊಂದಲ. ಒಂದು ಹಳೆಯ ಪತ್ರದಲ್ಲಿ ಅಜ್ಜ ಹೆಗ್ಡೆ, ಮಕ್ಕಳು ಶೆಟ್ಟಿ ಅಂತ ಇದೆ. ಅವರು ಬೇರೆ ಯಾರದ್ದಾದರೂ ಮಕ್ಕಳಾ?

ಉತ್ತರ: ಕಳೆದುಹೋಗಿಲ್ಲ. ಅಂಥ ಪುಸ್ತಕವನ್ನು ಆ ಕಾಲದಲ್ಲಿ ಯಾರೂ ಬರೆದೇ ಇಲ್ಲ. ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಜನನ ಮರಣ ಬರೆಸಲು 1899ರ ಮದ್ರಾಸ್ ಕಾಯ್ದೆ ಇತ್ತು. ಹಿಂದೂ ಮದುವೆ ಬರೆಸಬೇಕು ಅಂತ ಯಾವ ಕಾಯ್ದೆಯೂ ಇರಲಿಲ್ಲ. ಊರ ಹತ್ತು ಜನರ ಮುಂದೆ ಧಾರೆ ಎರೆದರೆ ಮದುವೆ ಆಯಿತು. ಅದಕ್ಕೆ ಸಾಕ್ಷಿ ಆ ಹತ್ತು ಜನ.

ಒಂದು ಸಣ್ಣ ಅಪವಾದ ಇದೆ. 1891ರಲ್ಲಿ ಮದ್ರಾಸ್ ಸರ್ಕಾರ ಮಲಬಾರ್ ಮದುವೆ ಆಯೋಗ ಮಾಡಿತು. ಅದರ ಅಧ್ಯಕ್ಷರು ಹೈಕೋರ್ಟ್ ನ್ಯಾಯಮೂರ್ತಿ ಮುತ್ತುಸ್ವಾಮಿ ಅಯ್ಯರ್. ಅದರ ನಂತರ 1896ರಲ್ಲಿ ಮಲಬಾರ್ ಮದುವೆ ಕಾಯ್ದೆ ಬಂತು. ಮಲಬಾರಿನಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುವ ಮರುಮಕ್ಕತ್ತಾಯಂ ಮನೆಗಳವರ ಜೊತೆ ನಮ್ಮ ಅಳಿಯಸಂತಾನದವರೂ, ಅಂದರೆ ಅಳಿಯಕಟ್ಟಿನವರೂ, ಬೇಕಾದರೆ ಅದರಡಿ ಮದುವೆ ನೋಂದಾಯಿಸಬಹುದಿತ್ತು. ನೋಂದಾಯಿಸಿದವರು ತೀರಾ ಕಡಿಮೆ. ನಿಮ್ಮ ಅಜ್ಜಿ ಅವರಲ್ಲಿ ಒಬ್ಬರಾಗಿರುವ ಸಾಧ್ಯತೆ ಇಲ್ಲವೆಂದೇ ಇಟ್ಟುಕೊಂಡು ಮುಂದೆ ಹೋಗಿ.

ಈಗ ಹೆಗ್ಡೆ, ಶೆಟ್ಟಿ ವಿಷಯ. ಅಳಿಯಕಟ್ಟಿನಲ್ಲಿ ಮದುವೆಯಾದ ಹೆಣ್ಣು ಗಂಡನ ಕುಟುಂಬಕ್ಕೆ ಸೇರುವುದಿಲ್ಲ. ಗಂಡನ ಮನೆಯಲ್ಲೇ ಬಾಳಿದರೂ ಅವಳು ಹುಟ್ಟಿದ ಕುಟುಂಬದವಳೇ. ಮಕ್ಕಳೂ ಅವಳ ಕುಟುಂಬಕ್ಕೆ ಸೇರಿದವರು. ಬರಿ (ಕುಲದ ಹೆಸರು) ಅಮ್ಮನದ್ದು, ಹೆಸರಿನ ಹಿಂದೆ ಬರುವ ಶೆಟ್ಟಿ, ಹೆಗ್ಡೆ, ರೈ, ಆಳ್ವ ಎಲ್ಲವೂ ಹೆಚ್ಚಾಗಿ ಅಮ್ಮನ ಕಡೆಯದ್ದು. ಹಾಗಾಗಿ ಅಪ್ಪ ಹೆಗ್ಡೆ, ಮಕ್ಕಳು ಶೆಟ್ಟಿ ಇದ್ದರೆ ಅದು ತಪ್ಪಲ್ಲ. ನಿಮಗೆ ಸಿಕ್ಕಿದ ದೊಡ್ಡ ಸುಳಿವು ಅದು. ಅಜ್ಜಿಯ ತಾಯಿಮನೆ ಶೆಟ್ಟರ ಮನೆ ಅಂತ ಅದೇ ಪತ್ರ ಹೇಳುತ್ತಿದೆ. ಗಂಡು ಹೆಣ್ಣಿಗೆ ಒಂದೇ ಬರಿ ಇರಬಾರದು ಅನ್ನುವ ಕಟ್ಟಳೆ ಇರುವುದರಿಂದ ಇಬ್ಬರ ಬರಿ ಗೊತ್ತಾದರೆ ಇನ್ನೂ ಒಳ್ಳೆಯದು. ಮನೆಯ ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಬರಿ ಮಾತ್ರ ಗಟ್ಟಿ ನೆನಪಿರುತ್ತದೆ. ಮೊದಲು ಅದನ್ನೇ ಕೇಳಿ.

ಇನ್ನು ಹುಡುಕುವ ಜಾಗ. ಮದುವೆಯಿಂದ ಕುಟುಂಬದ ಭೂಮಿ ಅತ್ತಿತ್ತ ಹೋಗುತ್ತಿರಲಿಲ್ಲ. ಹಾಗಾಗಿ ಕಂದಾಯದ ಲೆಕ್ಕದಲ್ಲಿ ಮದುವೆಯ ಗುರುತು ಬೀಳುವುದಿಲ್ಲ. ಆದರೆ ಗಂಡಸು ಸ್ವಂತ ದುಡಿದು ಮಾಡಿದ ಆಸ್ತಿ ಇತ್ತು ನೋಡಿ. ಅವನು ಸುಮ್ಮನಿದ್ದು ತೀರಿಹೋದರೆ ಅದು ಅವನ ಅಕ್ಕ ತಂಗಿಯರ ಕಡೆಗೆ, ಅಂದರೆ ಅವನ ಕುಟುಂಬಕ್ಕೆ ಹೋಗುತ್ತಿತ್ತು. ಹೆಂಡತಿ ಮಕ್ಕಳಿಗೆ ಏನಾದರೂ ಉಳಿಯಬೇಕು ಅಂತಿದ್ದರೆ ಜೀವ ಇರುವಾಗಲೇ ಬರೆದುಕೊಡಬೇಕಿತ್ತು. ಆಗ ದಾನಪತ್ರ, ವ್ಯವಸ್ಥಾಪತ್ರ, ಮೂಲಗೇಣಿ (ಶಾಶ್ವತ ಗೇಣಿ) ಚೀಟು, ವೀಲುನಾಮೆ (ವಿಲ್) ಹುಟ್ಟುತ್ತವೆ. ‘ನನ್ನ ಕೈಹಿಡಿದ ಹೆಂಡತಿ ಇಂಥವಳಿಗೆ, ಅವಳಲ್ಲಿ ನನಗೆ ಹುಟ್ಟಿದ ಇಂಥಿಂಥ ಮಕ್ಕಳಿಗೆ’ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಮಕ್ಕಳ ವಯಸ್ಸೂ ಇರಬಹುದು. ಮದುವೆ ರಿಜಿಸ್ಟರ್ ಕೊಡುವುದಕ್ಕಿಂತ ಜಾಸ್ತಿ ವಿವರ ಇಲ್ಲಿ ಸಿಗುತ್ತದೆ. ನಿಮ್ಮ ಅಜ್ಜನ ಹೆಸರಿನಲ್ಲಿ ಇಂಥ ಪತ್ರ ಇದೆಯಾ ಅಂತ ಹುಡುಕಿ. ಮದುವೆಯ ಪುರಾವೆ ಅದೇ.

ಪ್ರಶ್ನೆ, ಅದೇ ಸದಸ್ಯರು: ಧನ್ಯವಾದ ಮೇಡಂ. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಏನಂತ ಕೇಳುವುದು? ಸರ್ವೆ ನಂಬರ್ ಕೊಡಿ ಅಂತಾರೆ. ನನಗೆ ಹೆಸರು ಮಾತ್ರ ಗೊತ್ತು.

ಉತ್ತರ: ಹೆಸರು ಇದ್ದರೂ ಸಾಕು. ನೋಂದಣಿ ಕಾಯ್ದೆಯ ಪ್ರಕಾರ ಅಲ್ಲಿ ಬೇರೆ ಬೇರೆ ಸೂಚಿಗಳು, ಅಂದರೆ ಇಂಡೆಕ್ಸ್ ಇವೆ. ಒಂದನೇ ಸೂಚಿ ಜನರ ಹೆಸರಿನದ್ದು, ಎರಡನೇ ಸೂಚಿ ಆಸ್ತಿಯದ್ದು. ನೀವು ಒಂದನೇ ಸೂಚಿಯಲ್ಲಿ ಹುಡುಕಲು ಅರ್ಜಿ ಕೊಡಿ. ಭೂಮಿಗೆ ಸಂಬಂಧಪಟ್ಟ ಪತ್ರಗಳ ನಕಲು ಒಂದನೇ ಪುಸ್ತಕದಲ್ಲಿರುತ್ತದೆ. ಫೀಸು ಕಟ್ಟಿದರೆ ಯಾರು ಬೇಕಾದರೂ ಅದರ ನಕಲು ಕೇಳಬಹುದು, ವಾರಸುದಾರರೇ ಆಗಬೇಕೆಂದಿಲ್ಲ. ವೀಲುನಾಮೆ ಮೂರನೇ ಪುಸ್ತಕದಲ್ಲಿ. ಬರೆದವರು ಬದುಕಿರುವ ತನಕ ಅದು ಬೇರೆಯವರಿಗೆ ಸಿಗುವುದಿಲ್ಲ, ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗೂ ನಕಲು ಕೊಡಬೇಕು. ಭೂಮಿಗೆ ಸಂಬಂಧಪಡದ ಇತರ ಪತ್ರಗಳಿರುವ ನಾಲ್ಕನೇ ಪುಸ್ತಕ ಮಾತ್ರ ಪತ್ರಕ್ಕೆ ಸಂಬಂಧಪಟ್ಟವರಿಗೆ ಮತ್ತು ಅವರ ಪರವಾಗಿ ಬರುವವರಿಗೆ.

ಕಾವೇರಿ ಆನ್‌ಲೈನಿನಲ್ಲಿ ಸುಮ್ನೆ ಸಮಯ ಕಳೆಯಬೇಡಿ. ನೋಂದಣಿ ಇಲಾಖೆಯ ಆ ಜಾಲತಾಣದಲ್ಲಿ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಸಿಗುವುದು 2004ರಿಂದ ಈಚೆಗಿನದ್ದು. ನಿಮ್ಮ ಕಾಲದ್ದು ಕೈಬರಹದ ಪುಸ್ತಕ. ಆಫೀಸಿಗೇ ಹೋಗಬೇಕು. ಹೆಂಗಸಿನ ಹೆಸರು ಬೇರೆ ಬೇರೆ ರೀತಿ ಬರೆದಿರುತ್ತಾರೆ. ನಮ್ಮ ಜಿಲ್ಲೆಯ ಹಳೆಯ ಕೇಸುಗಳಲ್ಲಿ ಹೆಸರಿನ ಜೊತೆ ಹೆಂಗಸು ಅಂತ ಸೇರಿಸಿ ‘ತಿಮ್ಮಾಜು ಹೆಂಗ್ಸು’ ಅಂತ ಬರುವುದು ಆ ರೀತಿಯೇ. ಗಂಡಸಿನ ಹೆಸರಿನ ಮುಂದೆ ‘ಬಿನ್’ ಇಲ್ಲದೆ ‘ಇಂಥವರ ಅಳಿಯ’ ಅಂತ ಇದ್ದರೆ ಆ ಇಂಥವರು ಅವನ ಸೋದರಮಾವ. ಮಗಳ ಗಂಡ ಅಂತ ಓದಿಕೊಂಡರೆ ಇಡೀ ಮರವೇ ತಲೆಕೆಳಗಾಗುತ್ತದೆ. ಈ ಒಂದು ಜಾಗದಲ್ಲಿ ದಯವಿಟ್ಟು ಎಚ್ಚರ ಇರಲಿ.

ಪ್ರಶ್ನೆ, ಕುಂದಾಪುರದಿಂದ: ಅಕ್ಕ, ನಮ್ಮ ಕುಟುಂಬದ ಪಾಲುಪಟ್ಟಿ 1950ರ ನಂತರದ್ದು ಮಾತ್ರ ಸಿಗುತ್ತಿದೆ. ಅದಕ್ಕಿಂತ ಹಿಂದೆ ಯಾಕಿಲ್ಲ?

ಉತ್ತರ: ಕಾನೂನೇ ಹಾಗಿತ್ತು. 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ನಡುವಿನ ಕೇಸಿನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಳಿಯಸಂತಾನ ಕುಟುಂಬದಲ್ಲಿ ಒಬ್ಬರು ಹಠ ಹಿಡಿದು ಪಾಲು ಕೇಳುವಂತಿಲ್ಲ ಅಂತ. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಹಾಗಾಗಿ ಅದಕ್ಕಿಂತ ಈಚೆಗೂ ಬಹಳ ಕಾಲ ಕುಟುಂಬಗಳು ಒಟ್ಟಿಗೇ ಉಳಿದವು. ಕೆಲವರು ಉಣ್ಣಲು ಉಡಲು ಅಂತ ಗದ್ದೆ ಬೇರೆ ಬೇರೆ ಮಾಡಿಕೊಂಡು ಕರಾರು ಬರೆದುಕೊಂಡರು. ನಿಮ್ಮ ಮನೆಯದ್ದೂ ಅಂಥ ಕರಾರಿನ ರೂಪದಲ್ಲಿ ಇರಬಹುದು, ಪಾಲುಪಟ್ಟಿ ಅಂತ ಮಾತ್ರ ಹುಡುಕಬೇಡಿ.

1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು. ಕವರಿಗೆ ಪಾಲು ಕೇಳುವ ಹಕ್ಕು ಸಿಕ್ಕಿತು. ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಮಕ್ಕಳು, ಹೀಗೆ ಹೆಣ್ಣಿನ ದಾರಿಯಲ್ಲಿ ಇಳಿಯುವ ಗುಂಪು ಒಂದು ಕವರು. ಅಲ್ಲಿಂದ ಮುಂದೆ ಪಾಲಿನ ದಾವೆಗಳು, ಪಾಲುಪಟ್ಟಿಗಳು ಸಾಲಾಗಿ ಬಂದವು. ವಂಶ ಹುಡುಕುವವರಿಗೆ ಆ ದಾವೆಗಳು ಬಂಗಾರ. ಪ್ರತಿ ದಾವೆಯ ಜೊತೆ ಕುಟುಂಬದ ಮೂಲ ಹೆಂಗಸಿನಿಂದ ಶುರುವಾಗುವ ವಂಶವೃಕ್ಷ ಲಗತ್ತಿಸಲೇಬೇಕಿತ್ತು. ಎದುರಿನವರು ಒಂದು ಹೆಸರು ಬಿಟ್ಟರೂ ತಕರಾರು ತೆಗೆಯುತ್ತಿದ್ದರು. ಇಷ್ಟು ಜನ ಸೇರಿ ತಿದ್ದಿದ ವಂಶವೃಕ್ಷ ಬೇರೆ ಎಲ್ಲಿ ಸಿಗುತ್ತದೆ ಹೇಳಿ.

ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಸಾಕ್ಷಿ ಹೇಳಿಕೆ, ಇತರ ಕಾಗದ ಅವಧಿ ಮುಗಿದು ನಾಶವಾಗಿರಬಹುದು. ತೀರ್ಪು, ಡಿಕ್ರಿ ಸಾಮಾನ್ಯವಾಗಿ ಉಳಿದಿರುತ್ತವೆ. ದಾವೆ ನಂಬರ್ ಮತ್ತು ಇಸವಿ ಬೇಕು. ಅದು ಮನೆಯ ಪಾಲುಪಟ್ಟಿಯಲ್ಲೋ ಹಳೆಯ ಇ.ಸಿ.ಯಲ್ಲೋ ಸಿಗುತ್ತದೆ. ನೀವು ಆ ದಾವೆಯ ಪಕ್ಷಗಾರರಲ್ಲದಿದ್ದರೆ ಯಾಕೆ ಬೇಕು ಅಂತ ಅಫಿಡವಿಟ್ ಹಾಕಿ ನಕಲು ಕೇಳಬೇಕು. ಹೈಕೋರ್ಟ್ ತನಕ ಹೋದ ಕೇಸಾದರೆ ಅಚ್ಚಾದ ಮದ್ರಾಸ್ ಲಾ ರಿಪೋರ್ಟುಗಳಲ್ಲಿ ಕುಟುಂಬದ ಕಥೆಯೇ ಇರಬಹುದು. ಮಂಗಳೂರು, ಉಡುಪಿಯ ವಕೀಲರ ಸಂಘದ ಲೈಬ್ರರಿಗಳಲ್ಲಿ ಪರಿಚಯದ ವಕೀಲರನ್ನು ಕೇಳಿ ನೋಡಿಸಿ.

ಪ್ರಶ್ನೆ, ಬಂಟ್ವಾಳದಿಂದ: ಮೇಡಂ, ನಾವು ಕ್ರಿಶ್ಚಿಯನ್ನರು, ಕೊಂಕಣಿ ಮಾತಾಡುವವರು. ನಮಗೆ ಇಗರ್ಜಿಯ ಪುಸ್ತಕ ಇದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಫಾದರ್ ತೋರಿಸಿದ ಪುಸ್ತಕದಲ್ಲಿ ಅಜ್ಜನ ಅಪ್ಪನ ಮದುವೆಯೇ ಇಲ್ಲ. ಸುಮಾರು 1910. ಅವರ ಬ್ಯಾಪ್ಟಿಸಂ ಮಾತ್ರ ಇದೆ.

ಉತ್ತರ: ಬ್ಯಾಪ್ಟಿಸಂ ಬರೆದಿರುವ ಪುಟದ ಅಂಚನ್ನು ನೋಡಿದ್ದೀರಾ? ಇವತ್ತೇ ಇನ್ನೊಮ್ಮೆ ಹೋಗಿ ಅದನ್ನು ನೋಡಿ. ರೋಮಿನ ಒಂದು ಆದೇಶ 1908ರ ಈಸ್ಟರ್‌ನಿಂದ ಜಾರಿಗೆ ಬಂತು. ಮದುವೆ ಎಲ್ಲೇ ಆದರೂ ಗಂಡು ಹೆಣ್ಣಿಗೆ ಬ್ಯಾಪ್ಟಿಸಂ ಆದ ಇಗರ್ಜಿಗೆ ತಿಳಿಸಬೇಕು, ಅಲ್ಲಿನ ಬ್ಯಾಪ್ಟಿಸಂ ಪುಸ್ತಕದಲ್ಲೂ ಬರೆಯಬೇಕು ಅಂತ. ನಿಮ್ಮದು 1910 ಅಂದರೆ ಆದೇಶ ಬಂದ ಮೇಲಿನದ್ದು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತಾರೀಕು, ಹೆಂಡತಿಯ ಹೆಸರು, ಮದುವೆಯಾದ ಇಗರ್ಜಿ ಸಿಗುವ ಸಾಧ್ಯತೆ ಚೆನ್ನಾಗಿದೆ. ಮದುವೆ ಹೆಚ್ಚಾಗಿ ಹೆಣ್ಣಿನ ಇಗರ್ಜಿಯಲ್ಲಿ ಆಗುತ್ತಿತ್ತು. ನಿಮ್ಮ ಪುಸ್ತಕದಲ್ಲಿ ಇಲ್ಲದಿರಲು ಕಾರಣ ಅದೇ ಇರಬೇಕು.

ಪುಸ್ತಕ ಲ್ಯಾಟಿನ್‌ನಲ್ಲಿದ್ದರೆ ಹೆಸರು ನೋಡಿ ಹೆದರಬೇಡಿ. ಮನೆಯಲ್ಲಿ ಇನಾಸ್ ಆದವರು ಅಲ್ಲಿ ಇಗ್ನಾಶಿಯುಸ್. ದುಮಿಂಗ್ ಆದವರು ದೊಮಿನಿಕುಸ್. ಜುವಾಂವ್ ಆದವರು ಜೊಆನ್ನೆಸ್. ‘ವಿದುಆ’ ಅಂತ ಇದ್ದರೆ ವಿಧವೆ. ಆಗ ಮೊದಲ ಗಂಡನ ಸಾವಿನ ದಾಖಲೆ, ಅವರ ಮದುವೆಯ ದಾಖಲೆ ಎರಡನ್ನೂ ಹುಡುಕಬೇಕಾಗುತ್ತದೆ. ‘ಟೆಸ್ಟೆಸ್’ ಅಂದರೆ ಸಾಕ್ಷಿಗಳು. ಸಾಕ್ಷಿ ಹಾಕಿದವರು ಎಷ್ಟೋ ಸಲ ಸೋದರಮಾವನೋ ದೊಡ್ಡಪ್ಪನೋ ಆಗಿರುತ್ತಾರೆ, ಅವರ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಾಲು ಇರುತ್ತದೆ, ಜನ ಅದನ್ನು ದಾಟಿ ಹೋಗುತ್ತಾರೆ. ಹತ್ತಿರದ ನೆಂಟರಲ್ಲಿ ಮದುವೆಯಾಗಲು ಬಿಷಪರ ಅನುಮತಿ ಬೇಕಿತ್ತು. ಅನುಮತಿ ಸಿಕ್ಕಿದರೆ ಅದನ್ನು ಪುಸ್ತಕದಲ್ಲಿ ಬರೆಯುತ್ತಾರೆ, ಎಷ್ಟನೇ ಹಂತದ ನೆಂಟಸ್ತಿಕೆ ಅಂತಲೂ ಬರೆಯುತ್ತಾರೆ. ಎರಡನೇ ಹಂತ ಅಂದರೆ ಇಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ. ಮೂರನೇ ಹಂತ ಅಂದರೆ ಮುತ್ತಜ್ಜ ಮುತ್ತಜ್ಜಿ ಒಬ್ಬರೇ. ನಾಲ್ಕನೇ ಹಂತ ಅಂದರೆ ಇನ್ನೂ ಒಂದು ತಲೆ ಮೇಲೆ. 1918ರ ತನಕ ನಾಲ್ಕನೇ ಹಂತಕ್ಕೂ ಅನುಮತಿ ಬೇಕಿತ್ತು, ಆಮೇಲೆ ಮೂರಕ್ಕೆ ಇಳಿಯಿತು. ಯೋಚಿಸಿ ನೋಡಿ. ಬೇರೆ ಯಾವ ಕಾಗದವೂ ಇಲ್ಲದ ಕಾಲದ ನಾಲ್ಕು ತಲೆಯ ಸಂಬಂಧವನ್ನು ಆ ಒಂದು ಸಾಲು ಹಿಡಿದಿಟ್ಟಿದೆ.

ಮೂಲ ಪುಸ್ತಕ ಗೆದ್ದಲು ತಿಂದಿದ್ದರೆ ಇನ್ನೊಂದು ದಾರಿ ಇದೆ. 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆಯ ಪ್ರಕಾರ ಮದುವೆಗಳ ನಕಲು ಮೂರು ತಿಂಗಳಿಗೊಮ್ಮೆ ಪ್ರಾಂತ್ಯದ ರಿಜಿಸ್ಟ್ರಾರ್ ಜನರಲ್‌ಗೆ ಹೋಗಬೇಕಿತ್ತು. ನಮಗೆ ಆಗ ಪ್ರಾಂತ್ಯ ಅಂದರೆ ಮದ್ರಾಸ್. ಹಾಗಾಗಿ ಚೆನ್ನೈಯಲ್ಲೂ ಕೇಳಬೇಕು.

ಪ್ರಶ್ನೆ, ಮಂಗಳೂರಿನ ಬಿಜೈಯಿಂದ: ಮೇಲಿನ ಉತ್ತರಕ್ಕೆ ಸೇರಿಸಿ ಕೇಳುತ್ತಿದ್ದೇನೆ. 1784ಕ್ಕಿಂತ ಹಿಂದಿನ ಇಗರ್ಜಿ ಪುಸ್ತಕ ಸಿಗಬಹುದಾ?

ಉತ್ತರ: ಆಸೆ ಇಟ್ಟುಕೊಳ್ಳಬೇಡಿ. 1784ರಲ್ಲಿ ಟಿಪ್ಪು ಇಲ್ಲಿನ ಕ್ರಿಶ್ಚಿಯನ್ನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಹೆಚ್ಚಿನ ಇಗರ್ಜಿಗಳು ನೆಲಸಮವಾದವು. ಅವುಗಳ ಜೊತೆ ಪುಸ್ತಕಗಳೂ ಹೋದವು. ಉಳಿದವರು ವಾಪಸ್ ಬಂದಿದ್ದು 1799ರ ನಂತರ. ಹೆಚ್ಚಿನ ಮನೆಗಳಿಗೆ ಕಾಗದದ ಇತಿಹಾಸ ಅಲ್ಲಿಂದಲೇ ಶುರು. ಆಮೇಲಿನ ಕಾಲದಲ್ಲೂ ನಿಮ್ಮ ಇಗರ್ಜಿ ಯಾರ ಕೈಕೆಳಗಿತ್ತು ಅಂತ ನೋಡಿ. 19ನೇ ಶತಮಾನದಲ್ಲಿ ಕೆಲವು ಇಗರ್ಜಿಗಳು ಗೋವಾದ ಆರ್ಚ್‌ಬಿಷಪರ ಕೆಳಗೆ, ಕೆಲವು ಕೇರಳದ ವೆರಾಪೊಳಿಯ ಕೆಳಗೆ ಇದ್ದವು. 1845ರಲ್ಲಿ ಮಂಗಳೂರು ಬೇರೆಯಾಯಿತು, 1886ರಲ್ಲಿ ಡಯಾಸಿಸ್ (ಬಿಷಪರ ಧರ್ಮಪ್ರಾಂತ್ಯ) ಆಯಿತು. ಆ ಮಧ್ಯದ ಪತ್ರ ವ್ಯವಹಾರ ಗೋವಾದಲ್ಲಿ ಇರುವ ಸಾಧ್ಯತೆ ಇದೆ.

ಪ್ರಶ್ನೆ, ಮಂಗಳೂರಿನ ಬಲ್ಮಠದಿಂದ: ನಮ್ಮ ಹಿರಿಯರು ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದವರು. ಮತಾಂತರದ ಮೊದಲು ಅಜ್ಜನಿಗೆ ಒಂದು ಮದುವೆ ಆಗಿತ್ತು, ಆ ಹೆಂಡತಿ ಜೊತೆ ಬರಲಿಲ್ಲ ಅಂತ ಮನೆಯಲ್ಲಿ ಮೆಲ್ಲಗೆ ಹೇಳುತ್ತಾರೆ. ಇದಕ್ಕೆ ದಾಖಲೆ ಇರುತ್ತದಾ?

ಉತ್ತರ: ಇರಬಹುದು. ಇದನ್ನು ಮೆಲ್ಲಗೆ ಹೇಳಬೇಕಾದ್ದೇನೂ ಇಲ್ಲ, ಕಾನೂನೇ ಇಂಥವರಿಗಾಗಿ ದಾರಿ ಮಾಡಿತ್ತು. 1866ರಲ್ಲಿ ಮತಾಂತರಗೊಂಡವರ ಮದುವೆ ವಿಸರ್ಜನೆ ಕಾಯ್ದೆ ಬಂತು. ಹೊಸ ಮತಕ್ಕೆ ಸೇರಿದ ಕಾರಣಕ್ಕೆ ಹೆಂಡತಿಯೋ ಗಂಡನೋ ಜೊತೆ ಬಾಳಲು ಒಪ್ಪದಿದ್ದರೆ ಕೋರ್ಟಿಗೆ ಅರ್ಜಿ ಹಾಕಬಹುದಿತ್ತು. ಕೋರ್ಟು ಆ ಹೆಂಡತಿಯನ್ನು ಕರೆಸಿ ಕೇಳುತ್ತಿತ್ತು, ಯೋಚಿಸಲು ಒಂದು ವರ್ಷ ಕೊಡುತ್ತಿತ್ತು. ಆಮೇಲೂ ಒಪ್ಪದಿದ್ದರೆ ಬಿಡುಗಡೆ. ಅರ್ಜಿ ಹಾಕಿದ್ದರೆ ಆ ಮೊದಲ ಅಜ್ಜಿಯ ಹೆಸರು, ಊರು ಕೋರ್ಟಿನ ದಾಖಲೆಯಲ್ಲಿ ಇರಬೇಕು. ನಿಮ್ಮ ವಂಶವೃಕ್ಷದಲ್ಲಿ ಅವರಿಗೂ ಒಂದು ಜಾಗ ಕೊಡಿ ಅಂತ ನನ್ನ ಕೋರಿಕೆ. ಮಿಷನ್ ಇಲ್ಲಿಗೆ ಬಂದಿದ್ದು 1834ರಲ್ಲಿ. ಸಭೆಯ ಪುಸ್ತಕಗಳಿಗೆ ಮೊದಲು ನಿಮ್ಮ ಚರ್ಚಿನಲ್ಲಿ ಕೇಳಿ, ಆಮೇಲೆ ಬಲ್ಮಠದಲ್ಲೇ ಇರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಆರ್ಕೈವ್ಸ್‌ನಲ್ಲಿ. ಮಿಷನರಿಗಳು ಊರಿಗೆ ಬರೆದ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಅವು ಜರ್ಮನ್ ಭಾಷೆಯಲ್ಲಿವೆ.

ಪ್ರಶ್ನೆ, ಉಳ್ಳಾಲದಿಂದ: ಬ್ಯಾರಿ ಮನೆಗಳವರು ಎಲ್ಲಿ ನೋಡಬೇಕು?

ಉತ್ತರ: ಜಮಾಅತ್ ಮಸೀದಿಯ ನಿಕಾಹ್ ಪುಸ್ತಕ. ಹೆಣ್ಣಿನ ಕಡೆಯ ಜಮಾಅತ್‌ನಲ್ಲಿ ಮೊದಲು ಕೇಳಿ. ಅದರಲ್ಲಿ ಮೂರು ಸಂಗತಿ ನೋಡಿ: ಮಹರ್ (ಗಂಡು ಹೆಣ್ಣಿಗೆ ಕೊಡುವ ಧನ) ಎಷ್ಟು, ಸಾಕ್ಷಿಗಳು ಯಾರು, ವಲಿ ಯಾರು. ವಲಿ ಅಂದರೆ ಹೆಣ್ಣಿನ ಪರವಾಗಿ ನಿಲ್ಲುವವರು. ಅಪ್ಪ ಇದ್ದರೆ ಅಪ್ಪನೇ. ಅಜ್ಜನೋ ಅಣ್ಣನೋ ವಲಿಯಾಗಿದ್ದರೆ ಆ ಹೊತ್ತಿಗೆ ಅಪ್ಪ ತೀರಿಕೊಂಡಿರಬಹುದು ಅಂತ ಊಹಿಸಿ ಸಾವಿನ ದಾಖಲೆ ಹುಡುಕಬಹುದು.

ಪ್ರಶ್ನೆ, ಉಡುಪಿಯಿಂದ: ನಮಸ್ಕಾರ. ನಾವು ಶಿವಳ್ಳಿ ಬ್ರಾಹ್ಮಣರು. ಹಳೆಯ ಪೆಟ್ಟಿಗೆಯಲ್ಲಿ ಮುತ್ತಜ್ಜಿಯ ಲಗ್ನಪತ್ರಿಕೆ ಸಿಕ್ಕಿತು. ‘ಶುಕ್ಲ ಸಂವತ್ಸರದ ಕುಂಭ ಮಾಸ ದಿನ 12 ಸಲುವ’ ಅಂತ ಇದೆ. ಇಸವಿ ಇಲ್ಲ. ಮುತ್ತಜ್ಜಿಗೆ ಆಗ ಒಂಬತ್ತು ವರ್ಷ ಅಂತ ಮನೆಯಲ್ಲಿ ಹೇಳುತ್ತಾರೆ.

ಉತ್ತರ: ಎಷ್ಟು ಒಳ್ಳೆಯ ಕಾಗದ ಸಿಕ್ಕಿದೆ ನಿಮಗೆ! ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಶುಕ್ಲ ಬಂದಿದ್ದು 1869, 1929, 1989ರ ಯುಗಾದಿಗೆ. ನಮ್ಮ ಕಡೆ ಸೌರ ಲೆಕ್ಕ, ಏಪ್ರಿಲ್ ಮಧ್ಯದ ಬಿಸುವಿನಿಂದ ವರ್ಷ ಶುರು. ಹಾಗಾಗಿ ಕುಂಭ ಮಾಸ ಬರುವುದು ಮುಂದಿನ ಇಸವಿಯ ಫೆಬ್ರವರಿ, ಮಾರ್ಚ್‌ನಲ್ಲಿ. ತುಳುವಿನಲ್ಲಿ ಮಾಯಿ ತಿಂಗಳು. ನಿಮ್ಮ ಮುತ್ತಜ್ಜಿ ಅಂದರೆ 1930ರ ಫೆಬ್ರವರಿ 24ರ ಹತ್ತಿರ ಆಗಬೇಕು. ಪತ್ರಿಕೆಯಲ್ಲಿ ವಾರ ಬರೆದಿದ್ದರೆ ತಾಳೆ ನೋಡಿ, 1930ರ ಫೆಬ್ರವರಿ 24 ಸೋಮವಾರ. ಒಂದು ದಿನ ಆಚೆ ಈಚೆ ಆದರೆ ಗಾಬರಿ ಬೇಡ, ಸಂಕ್ರಮಣ ಬೀಳುವ ಹೊತ್ತಿನ ಮೇಲೆ ಅದು ಬದಲಾಗುತ್ತದೆ.

ಆ ತಾರೀಕಿಗೆ ಇನ್ನೊಂದು ಅರ್ಥವೂ ಇದೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1929ರಲ್ಲಿ ಪಾಸಾಯಿತು, ಜಾರಿಗೆ ಬಂದಿದ್ದು 1930ರ ಏಪ್ರಿಲ್ 1ರಿಂದ. ಹೆಣ್ಣಿಗೆ 14, ಗಂಡಿಗೆ 18 ಆಗಿರಬೇಕು ಅಂತ. ಆ ನಡುವಿನ ತಿಂಗಳುಗಳಲ್ಲಿ ದೇಶದ ತುಂಬ ಜನ ಅವಸರದಿಂದ ಮಕ್ಕಳ ಮದುವೆ ಮಾಡಿ ಮುಗಿಸಿದರು. ನಿಮ್ಮ ಮುತ್ತಜ್ಜಿಯ ಮದುವೆ ಏಪ್ರಿಲ್‌ಗೆ ಸುಮಾರು ಐದು ವಾರ ಮೊದಲು. ಅವಸರ ಇತ್ತೋ ಇಲ್ಲವೋ ಕಾಗದ ಹೇಳುವುದಿಲ್ಲ, ಹಿರಿಯರು ಹೇಳಿಯಾರು. ಎಲ್ಲರಿಗೂ ಒಂದು ಮಾತು: 1930ರ ನಂತರದ ಕಾಗದಗಳಲ್ಲಿ ಹುಡುಗಿಗೆ ಸರಿಯಾಗಿ 14 ಅಂತ ಬರೆದಿದ್ದರೆ ಕಣ್ಣುಮುಚ್ಚಿ ನಂಬಬೇಡಿ. ಜನನ ದಾಖಲೆಯ ಜೊತೆ ಹೋಲಿಸಿ. ಹಾಗೆಯೇ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಮದುವೆ ಆಯಿತು ಅಂತ ಯಾರಾದರೂ ಬರೆದಿದ್ದರೆ ತಾರೀಕು ಇನ್ನೊಮ್ಮೆ ಲೆಕ್ಕ ಹಾಕಿ. ಆಟಿಯಲ್ಲಿ ನಮ್ಮಲ್ಲಿ ಮದುವೆ ಇಡುವುದಿಲ್ಲ, ಅಲ್ವಾ.

ಆ ಪೆಟ್ಟಿಗೆಯಲ್ಲಿ ಉಡುಗೊರೆ ಬರೆದ ಪಟ್ಟಿ ಇದೆಯಾ ನೋಡಿ. ಯಾರು ಎಷ್ಟು ಮುಯ್ಯಿ ಕೊಟ್ಟರು ಅಂತ ಹೆಸರು, ಊರು ಸಮೇತ ಬರೆದಿರುತ್ತಾರೆ. ಆ ದಿನ ಬಂದ ನೆಂಟರ ಹಾಜರಿ ಪುಸ್ತಕ ಅದು. ಯಾರೂ ಜೋಪಾನ ಮಾಡುವುದಿಲ್ಲ, ರದ್ದಿಗೆ ಹಾಕುತ್ತಾರೆ. ಬೇಸರ ಆಗುತ್ತದೆ.

ಪ್ರಶ್ನೆ, ಮುಂಬಯಿಯಿಂದ: ನಮ್ಮ ಅಪ್ಪ ಅಮ್ಮನ ಮದುವೆ 1962ರಲ್ಲಿ ಇಲ್ಲೇ ಆಯಿತು. ಊರು ಪಡುಬಿದ್ರಿ. ದಾಖಲೆ ಊರಲ್ಲಿ ಹುಡುಕಬೇಕಾ?

ಉತ್ತರ: ಬೇಡ. ಅಲ್ಲಿಯೇ ಹುಡುಕಿ. ಮುಂಬಯಿಯಲ್ಲಿ 1953ರ ಮದುವೆ ನೋಂದಣಿ ಕಾಯ್ದೆ ಇತ್ತು, ಹಾಗಾಗಿ ನಮ್ಮ ಊರಿಗಿಂತ ಅಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಕರ್ನಾಟಕದಲ್ಲಿ ಮದುವೆ ನೋಂದಣಿಯ ಕಾಯ್ದೆ ಆಗಿದ್ದು 1976ರಲ್ಲಿ. ಅದಕ್ಕಿಂತ ಮೊದಲು 1955ರ ಹಿಂದೂ ಮದುವೆ ಕಾಯ್ದೆಯಡಿ ಬರೆಸಬಹುದಿತ್ತು, ಆದರೆ ಬರೆಸಿದವರು ಕಡಿಮೆ.

ಪ್ರಶ್ನೆ, ಮಂಜೇಶ್ವರದಿಂದ: ನಮ್ಮದು ಮಂಗಳೂರಾ, ಕಾಸರಗೋಡಾ?

ಉತ್ತರ: 1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ಜಿಲ್ಲಾ ಕೋರ್ಟಿನ ಹಳೆಯ ಕೇಸು ಮಂಗಳೂರಿನಲ್ಲಿ ಕೇಳಿ. ನೋಂದಣಿಯಾದ ಪತ್ರ ನಿಮ್ಮ ಕಡೆಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ. ಇನ್ನೂ ಹಿಂದಿನ ಕಲೆಕ್ಟರ್ ಆಫೀಸಿನ ಕಡತಗಳು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಆರ್ಕೈವ್ಸ್‌ನಲ್ಲಿವೆ. ಅದು ಉಡುಪಿ, ಮಂಗಳೂರಿನವರಿಗೂ ಹೌದು.

ಪ್ರಶ್ನೆ, ಮೂಲ್ಕಿಯಿಂದ: ಮೇಡಂ, ಕೇಳಲೋ ಬೇಡವೋ ಅಂತಿದ್ದೆ. ನಮ್ಮ ಕುಟುಂಬದ ಹಳೆಯ ಕೇಸಿನ ತೀರ್ಪು ಸಿಕ್ಕಿತು. ಇಂಗ್ಲಿಷ್‌ನಲ್ಲಿದೆ. ಅಳಿಯಸಂತಾನದವರ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ ಎಂಬ ಅರ್ಥದಲ್ಲಿ ಬರೆದಿದ್ದಾರೆ. ನಮ್ಮ ಅಜ್ಜಿ ಐದು ಮಕ್ಕಳ ತಾಯಿ. ಓದಿ ಅಮ್ಮ ಅತ್ತುಬಿಟ್ಟರು. ವಂಶವೃಕ್ಷದಲ್ಲಿ ಅಜ್ಜನನ್ನು ಗಂಡ ಅಂತ ಬರೆಯಬಹುದಾ?

ಉತ್ತರ: ಬರೆಯಿರಿ. ಧೈರ್ಯವಾಗಿ ಬರೆಯಿರಿ. ಅಮ್ಮನಿಗೆ ಈ ಉತ್ತರ ಓದಿ ಹೇಳಿ.

19ನೇ ಶತಮಾನದ ಮದ್ರಾಸ್ ನ್ಯಾಯಾಧೀಶರು ಮದುವೆಯನ್ನು ಒಂದೇ ಅಳತೆಯಿಂದ ನೋಡಿದರು. ಹೆಣ್ಣು ಗಂಡನ ಮನೆಗೆ ಸೇರಬೇಕು, ಮಕ್ಕಳು ಅಪ್ಪನ ವಾರಸುದಾರರಾಗಬೇಕು, ಬಿಡುವುದು ಸುಲಭ ಇರಬಾರದು. ನಮ್ಮ ಕಟ್ಟಿನಲ್ಲಿ ಈ ಮೂರೂ ಬೇರೆ ಥರ ಇತ್ತು. ಹೆಣ್ಣು ತನ್ನ ಕುಟುಂಬದ ಹಕ್ಕು ಬಿಡಲಿಲ್ಲ. ಗಂಡ ಸತ್ತರೆ ಬೀದಿಗೆ ಬೀಳಲಿಲ್ಲ, ಮಕ್ಕಳ ಜೊತೆ ತಾಯಿಮನೆಗೆ ಬಂದಳು. ಅಲ್ಲಿ ಅವಳಿಗೆ ಅನ್ನ, ಜಾಗ ಇತ್ತು. ಸರಿ ಹೋಗದಿದ್ದರೆ ಬಿಡಬಹುದಿತ್ತು, ಇನ್ನೊಂದು ಮದುವೆಯಾಗಬಹುದಿತ್ತು. ವಿಧವೆಗೂ ಮದುವೆ ಇತ್ತು. ಇದನ್ನು ನೋಡಿ ಅವರು ‘ಇದು ಮದುವೆಯಲ್ಲ’ ಅಂದರು. ಆಸ್ತಿಯ ಪ್ರಶ್ನೆಗೆ, ಕ್ರಿಮಿನಲ್ ಕೇಸಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ನಿಮ್ಮ ಅಜ್ಜಿಯ ಬಾಳಿನ ಬಗ್ಗೆ ಕೊಟ್ಟ ತೀರ್ಪಲ್ಲ. ಊರಿನವರು ಅವರನ್ನು ಗಂಡ ಹೆಂಡತಿ ಅಂತಲೇ ಕಂಡರು.

ಕಾನೂನೂ ಆಮೇಲೆ ದಾರಿಗೆ ಬಂತು. 1949ರ ಅಳಿಯಸಂತಾನ ಕಾಯ್ದೆ ನಮ್ಮ ಸಂಪ್ರದಾಯದಂತೆ ಆದ ಮದುವೆಗೆ ಮಾನ್ಯತೆ ಕೊಟ್ಟಿತು. 1955ರ ಹಿಂದೂ ಮದುವೆ ಕಾಯ್ದೆ ಗಂಡಿನ ಅಥವಾ ಹೆಣ್ಣಿನ ಕಡೆಯ ರೂಢಿಯಂತೆ ಆದ ಮದುವೆ ಸರಿ ಎಂದಿತು. ರೂಢಿಯಲ್ಲಿದ್ದ ಬಿಡುಗಡೆಯನ್ನೂ ಉಳಿಸಿತು. ಗಂಡ ಹೆಂಡತಿಯಾಗಿ ಬಹಳ ಕಾಲ ಬಾಳಿದವರ ವಿಷಯದಲ್ಲಿ ಮದುವೆ ಆಗಿತ್ತೆಂದೇ ಕೋರ್ಟು ತಿಳಿಯಬೇಕು, ಇಲ್ಲ ಅನ್ನುವವರೇ ಅದನ್ನು ರುಜುವಾತು ಮಾಡಬೇಕು. 1978ರ ಬದ್ರಿ ಪ್ರಸಾದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅಲ್ಲಿ ಆ ದಂಪತಿ ಸುಮಾರು 50 ವರ್ಷ ಒಟ್ಟಿಗೆ ಬಾಳಿದ್ದರು.

ಆ ತೀರ್ಪನ್ನು ಎಸೆಯಬೇಡಿ. ಅದರಲ್ಲೇ ನಿಮ್ಮ ಅಜ್ಜಿಯ, ಅವರ ಅಮ್ಮನ, ಅಕ್ಕ ತಂಗಿಯರ ಹೆಸರು ಇದೆ ಅಲ್ವಾ? ಬೇಕಾದ್ದು ಅದು.

ಪ್ರಶ್ನೆ, ಅದೇ ಸದಸ್ಯರು: ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಸಮಾಧಾನ ಆಯಿತು. ದೊಡ್ಡಮ್ಮ ಇನ್ನೂ ಇದ್ದಾರೆ, 91 ವರ್ಷ. ಅವರು ಹೇಳಿದ್ದನ್ನು ಬರೆದಿಟ್ಟರೆ ಅದಕ್ಕೆ ಬೆಲೆ ಇದೆಯಾ?

ಉತ್ತರ: ತುಂಬಾ ಬೆಲೆ ಇದೆ. ನೆಂಟಸ್ತಿಕೆಯ ವಿಷಯದಲ್ಲಿ ತೀರಿಹೋದವರು ಹಿಂದೆ ಹೇಳಿದ ಮಾತನ್ನು ನಮ್ಮ ಸಾಕ್ಷ್ಯ ಕಾನೂನು ಒಪ್ಪುತ್ತದೆ. ಮನೆಯ ವಂಶಾವಳಿ, ವೀಲುನಾಮೆ, ಸಮಾಧಿ ಕಲ್ಲಿನ ಬರಹ ಎಲ್ಲವೂ ಅದರಲ್ಲಿ ಬರುತ್ತದೆ. 1872ರ ಕಾಯ್ದೆಯಲ್ಲಿ ಇದ್ದದ್ದು 2024ರ ಜುಲೈಯಿಂದ ಜಾರಿಯಾದ ಹೊಸ ಕಾಯ್ದೆಯಲ್ಲೂ ಇದೆ. ಆದರೆ ಒಂದು ಷರತ್ತು ಇದೆ. ತಕರಾರು ಹುಟ್ಟುವ ಮೊದಲು ಹೇಳಿದ ಮಾತಾಗಿರಬೇಕು. ಆಸ್ತಿ ಜಗಳ ಶುರುವಾದ ಮೇಲೆ ಬರೆಸಿದ್ದಕ್ಕೆ ಆ ತೂಕ ಇಲ್ಲ.

ಹಾಗಾಗಿ ಈಗಲೇ ಕುಳಿತು ಬರೆಯಿರಿ. ದೊಡ್ಡಮ್ಮನಿಗೆ ತಾರೀಕು ಕೇಳಬೇಡಿ. ಧಾರೆ ಯಾರ ಮನೆಯ ಅಂಗಳದಲ್ಲಿ ಆಯಿತು, ಧಾರೆ ಎರೆದವರು ಯಾರು, ಆ ವರ್ಷ ಮನೆಯಲ್ಲಿ ಬೇರೆ ಏನಾಯಿತು ಅಂತ ಕೇಳಿ. ಕುಟುಂಬದ ಮೂಲನಾಗ ಎಲ್ಲಿ, ದೈವದ ನೇಮಕ್ಕೆ ಯಾವ ಕವರು ಎಷ್ಟು ವಂತಿಗೆ ಕೊಡುತ್ತಿತ್ತು ಅಂತ ಕೇಳಿ. ವಂತಿಗೆ ಬರೆದ ಪುಸ್ತಕ ಯಜಮಾನರ ಮನೆಯಲ್ಲಿದ್ದರೆ ಫೋಟೋ ತೆಗೆದುಕೊಳ್ಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿ, ಮನೆಯ ಇಬ್ಬರಿಂದ ಸಾಕ್ಷಿ ಹಾಕಿಸಿ. ಕೊನೆಗೆ ತಾರೀಕು, ಜಾಗ ಬರೆಯಿರಿ. ಫೋನಿನಲ್ಲಿ ಧ್ವನಿಯನ್ನೂ ತೆಗೆದಿಡಿ.

ಬರೆದಾದ ಮೇಲೆ ಮೂಲ ಹೆಂಗಸಿನ ಹೆಸರು ಮತ್ತು ಬರಿ ಇಲ್ಲಿ ಹಾಕಿ. ಕಾರ್ಕಳದವರ ಪ್ರಶ್ನೆಯ ಕೆಳಗೆ ಹೇಳಿದ ಒಂದನೇ ಸೂಚಿಯಲ್ಲಿ ಯಾವ ಇಸವಿಯಿಂದ ಹುಡುಕಬೇಕು ಅಂತ ಆಗ ಹೇಳುತ್ತೇನೆ.